ತಮ್ಮನಿಗೊಂದು ಪ್ರೇಮಕತೆ

ಬ್ರೇಕಕ್ಕನ ಪಕ್ಕ ಕೂತು ಕಾರು ಕಲಿತವರು ಊರ ತುಂಬ ಇದ್ದರು. ಅವಳ ನಿಜವಾದ ಹೆಸರು ಲೈಸೆನ್ಸ್ ಕಚೇರಿಯವರಿಗೂ ಮರೆತುಹೋಗಿತ್ತು. ತನ್ನ ಕಾಲಬುಡದಲ್ಲಿರುವ ಹೆಚ್ಚುವರಿ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಕಣ್ಣಲ್ಲಿ ಮೂರೂ ಕನ್ನಡಿಗಳನ್ನು ನೋಡುತ್ತ, ಬಾಯಲ್ಲಿ ಲೋಕದ ಸುದ್ದಿಯನ್ನೆಲ್ಲ ಹೇಳುತ್ತ ಕೂರುವುದು ಅವಳ ಉದ್ಯೋಗ. ಕಾಲಿಗಿರುವ ಬ್ರೇಕು ಬಾಯಿಗಿಲ್ಲ ಎಂದು ಗಂಡ ಹೇಳಿದರೆ ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಮೊದಲ ಸಲ ಸ್ಟೀರಿಂಗ್ ಹಿಡಿದವರ ಕೈ ನಡುಗುತ್ತದೆ. ನಡುಕ ನಿಲ್ಲಬೇಕಾದರೆ ಏನಾದರೂ ಮಾತು ಬೇಕು. ಬಿಸಿಲು, ಚಳಿ ಅಂತ ಎಷ್ಟು ಹೊತ್ತು ಎಳೆಯುವುದು? ಹಾಗಾಗಿ ಬ್ರೇಕಕ್ಕ ಕತೆ ಹೇಳುತ್ತಿದ್ದಳು. ಅವಳಲ್ಲಿದ್ದ ಕತೆಗಳಲ್ಲೆಲ್ಲ ಹೆಚ್ಚು ಬೇಡಿಕೆ ಇದ್ದದ್ದು ಅವಳ ತಮ್ಮನ ಪ್ರೇಮಕತೆಗೆ.

ತಮ್ಮ ಹಲ್ಲು ಮಾಡುವವನು. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಅದನ್ನು ನೋಡಿಕೊಂಡು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವವನು. ನಲವತ್ತು ದಾಟಿ ಕೆಲವು ವರ್ಷ ಆಗಿತ್ತು. ಮದುವೆ ಆಗಿರಲಿಲ್ಲ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಇರುತ್ತಿದ್ದ. ಬೆಳಿಗ್ಗೆ ಈಜಲು ಹೋಗುತ್ತಿದ್ದ, ಸಂಜೆ ಭಾವನ ಜೊತೆ ಚದುರಂಗ ಆಡಿ ಭಾವನಿಂದ ಬೈಸಿಕೊಳ್ಳುತ್ತಿದ್ದ. ಅವನಿಗೆ ಗೆಳೆಯರು ಬೇಕಾದಷ್ಟು. ಯಾರ ಮನೆಯಲ್ಲಿ ಸಾಮಾನು ಎತ್ತಿಡುವುದಿದ್ದರೂ ಮೊದಲ ಫೋನು ಅವನಿಗೇ.

ಮೊದಮೊದಲು ಬ್ರೇಕಕ್ಕ ಅವನಿಗೆ ಹೆಣ್ಣು ನೋಡಿದ್ದಳು. ಅವನೂ ಇಲ್ಲವೆನ್ನದೆ ಹೋಗುತ್ತಿದ್ದ. ಹೋದಲ್ಲಿ ಹುಡುಗಿಯ ಜೊತೆ ಚೆನ್ನಾಗಿ ಹರಟಿ, ಅವಳ ಅಜ್ಜಿಯ ಹಲ್ಲುನೋವಿನ ಪುರಾಣವನ್ನೂ ಕೇಳಿ, ಬಿಸ್ಕತ್ತು ತಿಂದು ಬರುತ್ತಿದ್ದ. ಬಂದು, “ಒಳ್ಳೆ ಜನ ಅಕ್ಕ. ಆದ್ರೆ ಬೇಡ” ಎನ್ನುತ್ತಿದ್ದ. ಯಾಕೆ ಬೇಡ ಎಂದರೆ ಭುಜ ಕುಣಿಸುತ್ತಿದ್ದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಬ್ರೇಕಕ್ಕ ಕೈಚೆಲ್ಲಿದಳು. ಆದರೆ ಕೇಳುವವರ ಬಾಯಿ ಮುಚ್ಚಿಸಬೇಕಲ್ಲ? ‘ತಮ್ಮನಿಗೆ ಇನ್ನೂ ಆಗಿಲ್ವಾ’ ಎಂದು ಕೇಳುವವರು ಮನೆಗೆ ಮೂರು ಮಂದಿಯಾದರೂ ಇರುತ್ತಿದ್ದರು. ಆಗ ಅವಳಿಗೆ ಪಿಟೀಲು ಹುಡುಗಿ ನೆನಪಾದಳು.

ಹಿಂದೆ ಅಕ್ಕ ತಮ್ಮ ಇಬ್ಬರೂ ಅಮ್ಮನ ಮನೆಯಲ್ಲಿದ್ದಾಗ ಎದುರು ಮನೆಯ ಮಹಡಿಯಲ್ಲಿ ಒಬ್ಬ ಹುಡುಗಿ ಇದ್ದದ್ದು ನಿಜ. ಅವಳು ಸಂಜೆ ಹೊತ್ತು ಪಿಟೀಲು ನುಡಿಸುತ್ತಿದ್ದದ್ದೂ, ತಮ್ಮನೂ ಅವಳೂ ತಾರಸಿಯ ಮೇಲೆ ಗಂಟೆಗಟ್ಟಲೆ ಹರಟುತ್ತಿದ್ದದ್ದೂ ನಿಜ. ಅವಳ ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿ ಅವರು ಹೊರಟ ದಿನ ತಮ್ಮ ರೈಲು ನಿಲ್ದಾಣಕ್ಕೆ ಹೋಗಿ ಕೆಂಪು ಕಣ್ಣು ಮಾಡಿಕೊಂಡು ಬಂದದ್ದೂ ನಿಜ. ಇಷ್ಟು ಸಾಕಾಗಿತ್ತು. ಬ್ರೇಕಕ್ಕ ಅದಕ್ಕೆ ಉಪ್ಪುಖಾರ ಹಚ್ಚಿದಳು. ಕತೆ ಹೇಳತೊಡಗಿದ ಮೊದಲ ವರ್ಷ ಅವನು ಓಡಿ ಹೋಗುವಷ್ಟರಲ್ಲಿ ರೈಲು ಹೊರಟಿತ್ತು. ಎರಡನೇ ವರ್ಷ ಅವನ ಕೈಯಲ್ಲಿ ಹೂವಿನ ಗೊಂಚಲು ಬಂತು. ಆಮೇಲೆ ಯಾವಾಗಲೋ ಹುಡುಗಿ ರೈಲಿನ ಬಾಗಿಲಲ್ಲಿ ನಿಂತು ಕರವಸ್ತ್ರ ಬೀಸತೊಡಗಿದಳು. ಅಂದಿನಿಂದ ತಮ್ಮ ಬೇರೆ ಹೆಣ್ಣನ್ನು ಕಣ್ಣೆತ್ತಿ ನೋಡಿಲ್ಲ ಎನ್ನುವಲ್ಲಿಗೆ ಕತೆ ಮುಗಿಯುತ್ತಿತ್ತು. ಕೇಳಿದವರು “ಅಯ್ಯೋ ಪಾಪ” ಎಂದು ಗೇರ್ ಬದಲಿಸುವುದನ್ನು ಮರೆಯುತ್ತಿದ್ದರು. ಬ್ರೇಕಕ್ಕನ ಸೋದರತ್ತೆಯಂತೂ ಬಂದಾಗಲೆಲ್ಲ ಆ ಕತೆ ಹೇಳಿಸಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಗುರಾಗಿ ಮನೆಗೆ ಹೋಗುತ್ತಿದ್ದಳು. ಹೇಳಿ ಹೇಳಿ ಬ್ರೇಕಕ್ಕನಿಗೂ ಅದು ಕಣ್ಣಾರೆ ಕಂಡದ್ದೇ ಆಗಿಹೋಗಿತ್ತು.

ಹೀಗಿರುವಾಗ ಒಂದು ಸೋಮವಾರ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಅರೆ ನರೆತ ಗಿಡ್ಡ ಕೂದಲು, ಕೈಯಲ್ಲಿ ಕಪ್ಪು ಪಿಟೀಲು ಪೆಟ್ಟಿಗೆ. ಇಲ್ಲಿಯ ಸಂಗೀತ ಶಾಲೆಗೆ ಟೀಚರಾಗಿ ಬಂದಿದ್ದೇನೆ, ವಾದ್ಯಗಳನ್ನು ಹೊತ್ತು ಬಸ್ಸು ಹತ್ತಿ ಸಾಕಾಯಿತು, ಕಾರು ಕಲಿಸಿ ಎಂದಳು. ಆಮೇಲೆ ನಗುತ್ತ, “ನನ್ನ ಗುರುತು ಸಿಗ್ಲಿಲ್ವಾ ಅಕ್ಕ? ಎದುರು ಮನೆಯವಳು” ಎಂದಳು.

ಬ್ರೇಕಕ್ಕ ಕುರ್ಚಿ ಹಿಡಿದುಕೊಂಡಳು. ತಾನು ಹೇಳಿದ ಕತೆಗೆ ಕಾಲು ಬಂದು ಅದು ಎದುರಿಗೆ ನಿಂತರೆ ಯಾರಿಗಾದರೂ ಹಾಗೇ ಆಗುತ್ತದೆ. ಮೊದಲ ದಿನದ ಪಾಠದಲ್ಲಿಯೇ ಅವಳು ಬೇಕಾದದ್ದನ್ನೆಲ್ಲ ತಿಳಿದುಕೊಂಡಳು. ಮದುವೆಯಾಗಿತ್ತು, ಹೊಂದಿಕೆ ಆಗಲಿಲ್ಲ, ಜಗಳವಿಲ್ಲದೆ ಬಿಟ್ಟಿದ್ದರು, ಈಗ ಒಬ್ಬಳೇ. ಬ್ರೇಕಕ್ಕನಿಗೆ ರೆಕ್ಕೆ ಮೂಡಿತು. ತಮ್ಮನಿಗೆ ಈ ಸುದ್ದಿ ಹೇಳಲಿಲ್ಲ. ಭಾನುವಾರ ಅವಳನ್ನು ಟೀಗೆ ಕರೆದು ಅವನೆದುರು ನಿಲ್ಲಿಸಿಬಿಡಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದಳು. ಸೋದರತ್ತೆಗೆ ಮಾತ್ರ ಫೋನು ಮಾಡಿದಳು. ಅತ್ತೆಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಗುರುವಾರದ ಹೊತ್ತಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಪಿಟೀಲಿನವಳು ಎರಡನೇ ಗೇರಿನಲ್ಲಿ ಆಟದ ಮೈದಾನದ ಸುತ್ತ ಹೋಗುತ್ತಿದ್ದಳು. ಬ್ರೇಕಕ್ಕ ಎದುರಿನ ಗಾಜು ನೋಡುತ್ತಲೇ ಹೇಳಿಬಿಟ್ಟಳು: ನನ್ನ ತಮ್ಮ ಇನ್ನೂ ಮದುವೆ ಆಗಿಲ್ಲ, ನಿನಗೋಸ್ಕರವೇ ಕಾಯುತ್ತಿದ್ದಾನೆ.

ಪಿಟೀಲಿನವಳು ಇಂಡಿಕೇಟರ್ ಹಾಕಿದಳು. ಹಿಂದಿನ ಕನ್ನಡಿ ನೋಡಿದಳು. ಗಾಡಿಯನ್ನು ಮೆಲ್ಲಗೆ ಬದಿಗೆ ತಂದು, ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಅದುವರೆಗೆ ನಿಲ್ಲಿಸಿದ್ದೇ ಇಲ್ಲ.

“ಅಕ್ಕ, ಹೀಗಂತ ಅವನು ಹೇಳಿದ್ನಾ?”

ಅವನು ಹೇಳಿಲ್ಲ, ನಮಗೇ ಗೊತ್ತು, ಆ ದಿನ ಸ್ಟೇಷನ್ನಿಂದ ಬಂದಾಗ ಅವನ ಕಣ್ಣು ನೋಡಬೇಕಿತ್ತು ನೀನು, ಕೆಂಡದ ಹಾಗಿತ್ತು ಎಂದಳು ಬ್ರೇಕಕ್ಕ.

ಪಿಟೀಲಿನವಳು ಅವಳ ಮುಖ ನೋಡಿ ತಡೆಯಲಾರದೆ ನಕ್ಕಳು. “ಅದು ಕಣ್ಣುಬೇನೆ ಅಕ್ಕ. ನನಗೂ ಅಂಟಿಸಿ ಕಳಿಸಿದ್ದ. ದಾರಿ ಉದ್ದಕ್ಕೂ ಕಣ್ಣು ಬಿಡೋಕೆ ಆಗ್ಲಿಲ್ಲ ನನಗೆ.”

ಬ್ರೇಕಕ್ಕನ ತಲೆಯೊಳಗೆ ಎಲ್ಲೋ ಒಂದು ಕಿಟಕಿ ತೆರೆಯಿತು. ಆ ವಾರ ಮನೆಮಂದಿಗೆಲ್ಲ ಕಣ್ಣು ಅಂಟಿಕೊಂಡು, ಅಮ್ಮ ಸಾಲಾಗಿ ಮಲಗಿಸಿ ಔಷಧದ ಹನಿ ಬಿಟ್ಟದ್ದು, ತಾನೇ ಎಲ್ಲರಿಗಿಂತ ಹೆಚ್ಚು ಕಿರುಚಿದ್ದು, ಎಲ್ಲ ಅಲ್ಲಿತ್ತು. ಇಷ್ಟು ವರ್ಷ ಅದನ್ನು ಯಾರು ಗುಡಿಸಿ ಮೂಲೆಗೆ ತಳ್ಳಿದ್ದರೋ.

ಪಿಟೀಲಿನವಳು ನಗು ನಿಲ್ಲಿಸಿ ಉಳಿದದ್ದನ್ನು ಹೇಳಿದಳು. ಪ್ರೀತಿ ಇದ್ದದ್ದು ಅವಳ ಕಡೆಯಿಂದ. ತಾರಸಿಯ ಮೇಲೆ ಒಂದು ಸಂಜೆ ಬಾಯಿಬಿಟ್ಟು ಹೇಳಿಯೂ ಇದ್ದಳು. ಅವನು, ಲೋಕದಲ್ಲಿ ನಿನ್ನಷ್ಟು ಇಷ್ಟವಾದ ಗೆಳತಿ ನನಗೆ ಯಾರೂ ಇಲ್ಲ, ಆದರೆ ನೀನು ಹೇಳುವಂಥದ್ದು ನನ್ನಲ್ಲಿ ಹುಟ್ಟುವುದಿಲ್ಲ, ನಿನ್ನ ಮೇಲೆ ಅಂತಲ್ಲ, ಯಾರ ಮೇಲೂ ಹುಟ್ಟಿಲ್ಲ, ಹುಟ್ಟೀತು ಅಂತ ಕಾದು ನೋಡಿದೆ ಎಂದಿದ್ದನಂತೆ.

“ನಾನು ನಂಬಲಿಲ್ಲ,” ಎಂದಳು ಅವಳು. “ಇದು ಬೇಡ ಅನ್ನೋದಕ್ಕೆ ಮರ್ಯಾದೆಯ ಮಾತು ಅಂದ್ಕೊಂಡೆ. ನನ್ನ ಮುಖದಲ್ಲೇ ಏನೋ ಕೊರತೆ ಇದೆ ಅಂತ ಎಷ್ಟು ಕನ್ನಡಿ ನೋಡಿದೀನೋ. ಎಷ್ಟೋ ವರ್ಷ ಆದ್ಮೇಲೆ, ಅಂಥೋರ ಬಗ್ಗೆ ಎಲ್ಲೋ ಓದಿದಾಗ, ಅವನು ಇದ್ದದ್ದನ್ನ ಇದ್ದ ಹಾಗೇ ಹೇಳಿದ್ದ ಅಂತ ಗೊತ್ತಾಯ್ತು. ಆಗ್ಲೇ ಅದಕ್ಕೊಂದು ಹೆಸರಿದೆ ಅಂತ ಇಬ್ರಿಗೂ ಗೊತ್ತಿದ್ದಿದ್ರೆ ನಾನು ಅಷ್ಟು ಅಳ್ತಿರಲಿಲ್ಲ.”

ಹೆಸರೇ, ಏನು ಹೆಸರು ಎಂದು ಬ್ರೇಕಕ್ಕ ಕೇಳಿದ್ದಕ್ಕೆ ಅವಳು ಹೇಳಲಾರೆನೆಂದು ತಲೆಯಾಡಿಸಿದಳು. ಅದನ್ನು ಅವನೇ ಹೇಳಬೇಕು ಎಂದು, ಹ್ಯಾಂಡ್ ಬ್ರೇಕ್ ಇಳಿಸಿ, ಮತ್ತೆ ಮೈದಾನದ ಸುತ್ತ ಹೊರಟಳು.

ಸಂಜೆ ಬ್ರೇಕಕ್ಕ ಮಹಡಿ ಹತ್ತಿದಾಗ ತಮ್ಮ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಗೆಳತಿ ಊರಿಗೆ ಬಂದಿದ್ದಾಳೆ ಎಂದು ಕೇಳಿ ಅವನ ಮುಖ ಅರಳಿತು. ಆ ಅರಳಿದ್ದನ್ನು ನೋಡಿ ಬ್ರೇಕಕ್ಕನಿಗೆ ಒಂದು ಗಳಿಗೆ ಆಸೆ ಚಿಗುರಿತು. ಅವನು ಅದನ್ನು ಗಮನಿಸಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

“ಏರೋಮ್ಯಾಂಟಿಕ್ ಅಂತ ಅಕ್ಕ.”

“ಏರೋ ಅಂದ್ರೆ? ವಿಮಾನದ ಏರೋನಾ?”

ಅವನು ನಗುತ್ತ ಬಿಡಿಸಿ ಹೇಳಿದ. ರೊಮ್ಯಾಂಟಿಕ್ ಅಂತೀವಲ್ಲ, ಆ ಥರದ ಪ್ರೇಮ ಮನಸ್ಸಿನಲ್ಲಿ ಹುಟ್ಟದವರು ಎಂದು ಅರ್ಥ. ಅದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ಏಸೆಕ್ಷುಯಲ್ ಅಂತ. ಅದು ಮೈಯ ಸೆಳೆತದ ವಿಷಯ, ಅದು ಹುಟ್ಟದವರು. ಕೆಲವರಿಗೆ ಮೊದಲನೆಯದು ಮಾತ್ರ ಹೊಂದುತ್ತದೆ, ಕೆಲವರಿಗೆ ಎರಡನೆಯದು. ಎರಡನೆಯವರು ಪ್ರೀತಿಸಿ ಮದುವೆಯಾಗಿ ಸುಖವಾಗಿ ಇರುವುದೂ ಉಂಟು. ತನಗೆ ಎರಡೂ ಎಂದ. ಅವನು ‘ನಾನು ಸಕ್ಕರೆ ಇಲ್ಲದ ಟೀ ಕುಡಿಯೋನು’ ಎನ್ನುವಷ್ಟೇ ಸಲೀಸಾಗಿ ಹೇಳಿದ್ದರಿಂದ ಬ್ರೇಕಕ್ಕನಿಗೆ ಮುಖ ಹೇಗಿಟ್ಟುಕೊಳ್ಳಬೇಕು ಎಂದೇ ತಿಳಿಯಲಿಲ್ಲ.

ಯಾವುದಕ್ಕೂ ಒಂದು ಸಲ ಡಾಕ್ಟರಿಗೆ ತೋರಿಸಬಹುದಿತ್ತು ಎಂದಳು. ತೋರಿಸಿದ್ದೆ, ರಕ್ತ ಸರಿ ಇದೆ, ಹಾರ್ಮೋನು ಸರಿ ಇದೆ, ನಿಮಗೇನಾದರೂ ತೊಂದರೆ ಇದೆಯಾ ಅಂತ ಅವರು ಕೇಳಿದಾಗ ಯೋಚಿಸಿ ನೋಡಿದೆ, ಇರಲಿಲ್ಲ ಎಂದ ಅವನು.

“ಅಲ್ವೋ, ಇದಕ್ಕೆಲ್ಲ ಹೆಸರು ಯಾಕೆ ಬೇಕು? ಇದ್ದ ಹಾಗೆ ಇದ್ರೆ ಆಗಲ್ವಾ?”

ಅವನು ಮೇಜಿನ ಡ್ರಾಯರಿನಿಂದ ಒಂದು ಪಟ್ಟಿ ತೆಗೆದ. ಅದರ ತುಂಬ ಸಣ್ಣ ಸಣ್ಣ ಕೃತಕ ಹಲ್ಲುಗಳು ಬೀಗದ ಕೈಗಳ ಹಾಗೆ ಸಾಲಾಗಿ ನಿಂತಿದ್ದವು. ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಅದು. “ಇದರಲ್ಲಿ ಬಿಳೀದು ಯಾವುದು ಹೇಳು.” ಬ್ರೇಕಕ್ಕ ಕನ್ನಡಕ ಏರಿಸಿ ನೋಡಿದಳು. ಒಂದು ಹಳದಿಗೆ ಸರಿದಿತ್ತು, ಒಂದು ಬೂದಿಗೆ, ಒಂದಕ್ಕೆ ತುದಿಯಲ್ಲಿ ತುಸು ಕೆಂಪು. ಬಿಳೀದು ಎಂದು ಬೆರಳಿಡಲು ಒಂದೂ ಸಿಗಲಿಲ್ಲ. “ಜನ ಹಲ್ಲೆಲ್ಲ ಬಿಳಿ ಅಂದ್ಕೊಂಡಿದಾರೆ,” ಎಂದ ಅವನು. “ಬಿಳೀದೇ ಮಾಡಿ ಕೂರಿಸಿದ್ರೆ ಬಾಯಲ್ಲಿ ಸುಣ್ಣದ ಕಡ್ಡಿ ಇಟ್ಟ ಹಾಗೆ ಕಾಣತ್ತೆ. ಅವರವರ ಬಣ್ಣಕ್ಕೊಂದು ಗುರುತು ಇದ್ರೆ ನನ್ನ ಕೆಲಸ ಸುಲಭ. ಅಷ್ಟೇ. ಆ ಪದ ಓದಿದ ದಿನ ನಾನು ಒಬ್ಬನೇ ಕೂತು ನಕ್ಕೆ ಅಕ್ಕ. ನನ್ನಂಥೋರು ಇಷ್ಟು ಜನ ಇದಾರಾ ಅಂತ.”

ಯಾವಾಗ ಓದಿದೆ ಎಂದು ಕೇಳಿದರೆ, ಐದಾರು ವರ್ಷ ಆಯಿತು ಎಂದ. ಬ್ರೇಕಕ್ಕನಿಗೆ ಸಿಟ್ಟು ಬಂತು. ಐದಾರು ವರ್ಷದಿಂದ ಒಂದೇ ಸೂರಿನ ಕೆಳಗೆ ಇದ್ದುಕೊಂಡು ನನಗೆ ಹೇಳಬೇಕು ಅನ್ನಿಸಲಿಲ್ಲವಾ ಎಂದು ಕೇಳಿದಳು.

“ನಿನಗೆ ಆ ರೈಲಿನ ಕತೆ ಅಷ್ಟು ಇಷ್ಟ ಇತ್ತಲ್ಲ. ಹೇಗೆ ಕಿತ್ಕೊಳ್ಳೋದು ಅಂತ ಸುಮ್ನಿದ್ದೆ.”

“ಅಂದ್ರೆ ನಾನು ಸುಳ್ಳಿ.”

“ಅಲ್ಲ. ಯಾರೂ ನನ್ನ ಬಗ್ಗೆ ಇಲ್ಲದ್ದು ಮಾತಾಡಬಾರ್ದು ಅಂತ ಕಟ್ಟಿದ್ದೆ ನೀನು. ನನಗೆ ಗೊತ್ತು.” ಅವನು ಅಂಗಿಯ ಕಾಲರನ್ನು ಬೆರಳಿನಿಂದ ಸವರಿದ. “ಆದ್ರೆ ಹೋದಲ್ಲೆಲ್ಲ ಜನ ನನ್ನ ನೋಡಿ ದನಿ ತಗ್ಗಿಸ್ತಾರೆ ಅಕ್ಕ. ನಾನು ನಕ್ರೆ, ಪಾಪ ನೋವು ನುಂಗಿ ನಗ್ತಿದಾನೆ ಅಂತಾರೆ. ಖುಷಿಯಾಗಿದ್ರೂ ಪಾಪ ಅನ್ನಿಸ್ಕೊಳ್ಳೋದು ಸ್ವಲ್ಪ ಸುಸ್ತು.”

ಬ್ರೇಕಕ್ಕ ಇಸ್ತ್ರಿಯಾದ ಅಂಗಿಗಳನ್ನು ಮಡಿಸಿಟ್ಟು ಕೆಳಗೆ ಬಂದಳು.

ಮರುದಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೌನ ನೆಲೆಸಿತು. ಎಡಕ್ಕೆ, ಬಲಕ್ಕೆ, ಕ್ಲಚ್ ಎಂಬ ಮೂರು ಮಾತು ಬಿಟ್ಟರೆ ಬ್ರೇಕಕ್ಕ ಬಾಯಿ ತೆರೆಯಲಿಲ್ಲ. ಬ್ಯಾಂಕಿನ ಕ್ಯಾಷಿಯರೊಬ್ಬ ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆ ಎಂದು ಹೆದರಿ ಅರ್ಧ ಪಾಠಕ್ಕೇ ಇಳಿದುಹೋದ. ಅವಳು ಯೋಚಿಸುತ್ತಿದ್ದಳು. ಜನರ ಬಾಯಿ ಮುಚ್ಚಿಸಲು ಒಂದು ಮಾತು ಸಾಕಿತ್ತು. ಹೂವು, ಕರವಸ್ತ್ರ ಯಾರಿಗೆ ಬೇಕಿತ್ತು? ಹೇಳುವಾಗ ತನ್ನ ಗಂಟಲೇ ತುಂಬಿ ಬರುತ್ತಿತ್ತಲ್ಲ, ಅದು ಯಾತಕ್ಕೆ?

ಅವಳ ಮದುವೆ ಹಿರಿಯರು ನೋಡಿ ಮಾಡಿದ್ದು. ಮೊದಲ ಒಂದೆರಡು ವರ್ಷ ಗಂಡ ಅವಳಿಗೆ ಮನೆಗೆ ಬಂದ ಸಭ್ಯ ನೆಂಟನ ಹಾಗಿದ್ದ. ಆಮೇಲೆ ಅವಳು ಡ್ರೈವಿಂಗ್ ಸ್ಕೂಲು ತೆರೆದಳು. ಹೆಂಗಸಿನ ಹತ್ತಿರ ಕಲಿಯಲು ಬಂದ ಕೆಲವು ಗಂಡಸರ ಮಾತು ನೆಟ್ಟಗಿರಲಿಲ್ಲ. ಕಾರೆಂದರೆ ತಲೆಸುತ್ತು ಬರುವ ಗಂಡ, ಏನೂ ಹೇಳದೆ ರಜೆ ಹಾಕಿ, ಎರಡು ವಾರ ಹಿಂದಿನ ಸೀಟಿನಲ್ಲಿ ಬಂದು ಕೂತ. ಒಂದು ಮಧ್ಯಾಹ್ನ ಅವಳು ಕನ್ನಡಿ ನೋಡಿದರೆ ಅವನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನನ್ನು ಹಾಗೇ ನೋಡುತ್ತಲೇ ಇರೋಣ ಅನ್ನಿಸಿತು ಅವಳಿಗೆ. ಅಷ್ಟು ವರ್ಷದಲ್ಲಿ ಯಾರನ್ನು ನೋಡಿಯೂ ಆಗದ್ದು ಆ ತೆರೆದ ಬಾಯಿ ನೋಡಿ ಆಯಿತು. ಆದರೆ ಕಟ್ಟಿಕೊಂಡ ಗಂಡನ ಮೇಲೆ ತಡವಾಗಿ ಪ್ರೀತಿ ಬಂತು ಎಂದು ಯಾರ ಹತ್ತಿರ ಹೇಳುವುದು? ಅದರಲ್ಲಿ ಕತೆ ಎಲ್ಲಿದೆ? ರೈಲಿಲ್ಲ, ಹೂವಿಲ್ಲ. ಮನೆಯಲ್ಲಿ ಒಂದು ದೊಡ್ಡ ಪ್ರೇಮಕತೆ ಬೇಕೆಂದು ಆಸೆಪಟ್ಟವಳು ತಾನು, ತೊಡಿಸಿದ್ದು ತಮ್ಮನಿಗೆ. ಅಳತೆ ತೆಗೆದುಕೊಳ್ಳದೆ ಹೊಲಿದ ಅಂಗಿಯನ್ನು ಪಾಪದವನು ಇಷ್ಟು ವರ್ಷ ಹಾಕಿಕೊಂಡು ತಿರುಗಿದ್ದಾನೆ. ಮತ್ತೆ ‘ಪಾಪ’ ಎಂದುಕೊಂಡೆನಲ್ಲ ಎಂದು ಅವಳು ನಾಲಗೆ ಕಚ್ಚಿಕೊಂಡಳು.

ಶನಿವಾರ ಅವಳು ತಾನಾಗಿ ಮೇಲೆ ಹೋಗಿ ಈ ಹಿಂದಿನ ಸೀಟಿನ ಸಮಾಚಾರವನ್ನು ತಮ್ಮನಿಗೆ ಹೇಳಿದಳು. ಹೇಳುವಾಗ ಆ ವಯಸ್ಸಿನಲ್ಲೂ ಕಿವಿ ಬಿಸಿಯಾಯಿತು. ಅದಕ್ಕೆ ಮೊದಲು ಯಾರ ಮೇಲೂ ಮನಸ್ಸಾಗಿರಲಿಲ್ಲವಾ ಎಂದು ತಮ್ಮ ಕೇಳಿದ.

“ಇಲ್ಲಪ್ಪ. ಗೆಳತಿಯರು ಸಿನಿಮಾ ಹೀರೋಗಳನ್ನ ನೋಡಿ ಉಸಿರು ಬಿಡುವಾಗ ನಾನು ಆ ಹೀರೋ ಓಡಿಸ್ತಿದ್ದ ಕಾರು ನೋಡ್ತಿದ್ದೆ.”

ಮೊದಲು ಗಟ್ಟಿ ಸಲಿಗೆ ಬೆಳೆದು, ಆಮೇಲೆ ಮಾತ್ರ ಸೆಳೆತ ಹುಟ್ಟುವವರೂ ಇದ್ದಾರೆ, ಅವರು ಡೆಮಿಸೆಕ್ಷುಯಲ್ ಎಂದು ಹೇಳಿಕೊಳ್ಳುತ್ತಾರೆ ಎಂದ ತಮ್ಮ. ಡೆಮಿಯೋ ಡಮ್ಮಿಯೋ, ಈ ವಯಸ್ಸಿಗೆ ನನಗ್ಯಾಕೆ ಎಂದು ಅವಳು ನಕ್ಕುಬಿಟ್ಟಳು. “ನೀನು ಅದೇ ಅಂತ ನಾನು ಹೇಳ್ತಿಲ್ಲ,” ಎಂದ ಅವನು. “ಅದನ್ನ ಬೇರೆಯವರು ಹೇಳೋ ಹಾಗಿಲ್ಲ. ಹಿಡಿಸಿದ್ರೆ ಇಟ್ಕೋ, ಇಲ್ದಿದ್ರೆ ಬಿಡು.” ಅವಳು ಇಟ್ಟುಕೊಳ್ಳಲಿಲ್ಲ, ಬಿಡಲೂ ಇಲ್ಲ. ಮೆಟ್ಟಿಲು ಇಳಿಯುವಾಗ ಬಾಯೊಳಗೇ ಒಂದೆರಡು ಸಲ ಹೇಳಿ ನೋಡಿದಳು. ಕೆಳಗೆ ಗಂಡ ಪೇಪರ್ ಮುಖಕ್ಕೆ ಹೊದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಅವಳು ಪೇಪರನ್ನು ಮೆಲ್ಲಗೆ ಎತ್ತಿ ನೋಡಿ ಮತ್ತೆ ಹೊದಿಸಿದಳು.

ಭಾನುವಾರ ಪಿಟೀಲಿನವಳು ಟೀಗೆ ಬಂದಳು. ಅವಳೂ ತಮ್ಮನೂ ಬಾಗಿಲಲ್ಲೇ ಒಬ್ಬರ ಬೋಳಾಗುತ್ತಿರುವ ತಲೆಯನ್ನೂ ಇನ್ನೊಬ್ಬರ ನರೆತ ಕೂದಲನ್ನೂ ತಮಾಷೆ ಮಾಡಿಕೊಂಡು, ನಿನ್ನೆ ಬಿಟ್ಟ ಮಾತನ್ನು ಇಂದು ಮುಂದುವರಿಸುವವರ ಹಾಗೆ ಕೂತುಬಿಟ್ಟರು. ಅವಳ ಬೆನ್ನಿಗೇ, ಕರೆಯದಿದ್ದರೂ, ಸೋದರತ್ತೆ ಬಂದಿಳಿದಳು. ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಮಡಿಸಿದ ಕರವಸ್ತ್ರ ಹಿಡಿದಿದ್ದಳು. ಕೂತವಳೇ ಇಬ್ಬರನ್ನೂ ಕಣ್ತುಂಬ ನೋಡಿ, ಆ ಸ್ಟೇಷನ್ನಿನ ಕತೆಯನ್ನು ಇವತ್ತು ಇವರೆದುರಿಗೇ ಒಂದು ಸಲ ಹೇಳು ಎಂದು ಬ್ರೇಕಕ್ಕನಿಗೆ ಅಪ್ಪಣೆ ಕೊಡಿಸಿದಳು.

ಬ್ರೇಕಕ್ಕ ಟೀ ಪಾತ್ರೆಯನ್ನು ಕೆಳಗಿಟ್ಟಳು. “ಅತ್ತೆ, ಅದು ನಾನು ಕಟ್ಟಿದ ಕತೆ. ಅವನು ಯಾರಿಗೂ ಕಾಯ್ತಿರಲಿಲ್ಲ. ಅವನ ಕಣ್ಣು ಕೆಂಪಾಗಿದ್ದು ಕಣ್ಣುಬೇನೆಗೆ.”

ಅತ್ತೆ ಒಂದಿಷ್ಟೂ ವಿಚಲಿತಳಾಗಲಿಲ್ಲ. “ಗೊತ್ತು ಬಿಡೆ. ನಿನ್ನ ರೈಲು ಒಂದೊಂದು ಸಲ ಒಂದೊಂದು ಹೊತ್ತಿಗೆ ಹೊರಡ್ತಿತ್ತು. ಅಳೋಕೆ ಚೆನ್ನಾಗಿತ್ತು ಅಂತ ಕೇಳ್ತಿದ್ದೆ.” ಆಮೇಲೆ ತಮ್ಮನ ಕಡೆ ತಿರುಗಿದಳು. “ಹಾಗಾದ್ರೆ ನಿಂದೇನೋ ಕತೆ?”

ಬ್ರೇಕಕ್ಕ ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡಳು. ಇದು ಅವಳು ಹೇಳುವ ಮಾತಲ್ಲ. ತಮ್ಮನೇ ಹೇಳಿದ, ಅವಸರವಿಲ್ಲದೆ, ಅತ್ತೆಗೆ ಅರ್ಥವಾಗುವ ಮಾತುಗಳಲ್ಲಿ. ಅತ್ತೆ ತಲೆ ಓರೆ ಮಾಡಿ ಕೇಳಿದಳು. ಸಂನ್ಯಾಸಿಯ ಹಾಗಾ ಎಂದಳು. ಅಲ್ಲ, ಸಂನ್ಯಾಸಿ ಬೇಕಿದ್ದದ್ದನ್ನು ಬಿಡುತ್ತಾನೆ, ನಾನು ಬಿಟ್ಟದ್ದೇನೂ ಇಲ್ಲ ಎಂದ ಅವನು. ಅತ್ತೆ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಒಂಟಿ ಅನ್ಸಲ್ವೇನೋ?”

“ಒಂದೊಂದು ಸಲ ಅನ್ಸತ್ತೆ ಅತ್ತೆ. ಮಾವ ಪಕ್ಕದಲ್ಲೇ ಕೂತಿದ್ದಾಗ್ಲೂ ನಿಮಗೆ ಅನ್ಸತ್ತಲ್ಲ, ಹಾಗೆ.”

ಅತ್ತೆ ನಕ್ಕಳು. ಎಷ್ಟು ನಕ್ಕಳೆಂದರೆ ಅವಳ ಮೇಲಿನ ಹಲ್ಲಿನ ಸೆಟ್ಟು ಜಾರಿ ಕರವಸ್ತ್ರಕ್ಕೆ ಬಿತ್ತು. ನೀನು ಮಾಡಿದ್ದಲ್ಲ, ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು ಅಂತ ಮಾಡಿಸಿದ್ದು, ಮೂರು ತಿಂಗಳಿಂದ ಕುಣಿಯುತ್ತಿದೆ ಎಂದು ಕೈ ಅಡ್ಡ ಹಿಡಿದುಕೊಂಡೇ ಒಪ್ಪಿಕೊಂಡಳು. ತಮ್ಮ ಅದನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಲ್ಯಾಬಿಗೆ ಒಯ್ದು ಒಳಗಿನ ಪದರ ಹೊಸದಾಗಿ ಕೂರಿಸಬೇಕು, ಎರಡು ದಿನ ಇದಿಲ್ಲದೆ ಸುಧಾರಿಸಿಕೊಳ್ಳಿ ಎಂದ. ಎರಡು ದಿನ ಮಾತಿಲ್ಲದೆ ಅತ್ತೆ ಹೇಗಿದ್ದಾರು ಎಂದು ಅಷ್ಟೊತ್ತಿಗೆ ಎದ್ದು ಬಂದಿದ್ದ ಬ್ರೇಕಕ್ಕನ ಗಂಡ ಕೇಳಿದ.

ಸಂಜೆ ಅತ್ತೆಯನ್ನು ಮನೆಗೆ ಬಿಡಲು ಡ್ರೈವಿಂಗ್ ಸ್ಕೂಲಿನ ಕಾರನ್ನೇ ತೆಗೆದರು. ಪಿಟೀಲಿನವಳು ಸ್ಟೀರಿಂಗ್ ಹಿಡಿದಳು. ಬ್ರೇಕಕ್ಕ ಪಕ್ಕದಲ್ಲಿ ಕೂತಳು. ಹಿಂದೆ ಅತ್ತೆ, ಅವಳ ಪಕ್ಕ ತಮ್ಮ. ರಸ್ತೆ ಖಾಲಿ ಇತ್ತು, ಗಾಳಿ ತಣ್ಣಗಿತ್ತು, ಪಿಟೀಲಿನವಳು ಮೊದಲ ಬಾರಿಗೆ ಮೂರನೇ ಗೇರಿಗೆ ಹೋಗಿ ಖುಷಿಯಲ್ಲಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ತಮ್ಮನ ತೋಳು ತಟ್ಟಿದಳು. ನಾಳೆ ಫೋನಿನಲ್ಲಿ ಯಾರಾದರೂ ಕೇಳಿದರೆ ಸರಿಯಾಗಿ ಹೇಳಬೇಕು, ಆ ಪದ ಇನ್ನೊಂದು ಸಲ ಹೇಳು ಎಂದಳು.

ಎಲ್ಲರಿಗೂ ಹೇಳಲೇಬೇಕು ಅಂತೇನಿಲ್ಲ ಅತ್ತೆ ಎಂದ ತಮ್ಮ. ಆದರೂ ಬಿಡಿಸಿ ಬಿಡಿಸಿ ಹೇಳಿಕೊಟ್ಟ.

“ಏಲೋಮ್ಯಾನ್ಥಿಕ್,” ಎಂದಳು ಅತ್ತೆ, ಬೊಚ್ಚು ಬಾಯಲ್ಲಿ.

“ರೋ, ಅತ್ತೆ.”

“ಲೋ.”

ಮುಂದಿನ ಸೀಟಿನಲ್ಲಿ ಪಿಟೀಲಿನವಳಿಗೆ ನಗು ತಡೆಯದೆ ಕಾರು ಒಂದಿಷ್ಟು ಓಲಾಡಿತು. ಬ್ರೇಕಕ್ಕ, ಎದುರು ನೋಡಿಕೊಂಡು ಓಡಿಸು ಎಂದು ಗದರಿಸಿದಳು. ಗದರಿಸುವಾಗ ಅವಳೂ ನಗುತ್ತಿದ್ದಳು. ಹಿಂದೆ ಅತ್ತೆ ಬಿಡದೆ, ತನ್ನ ಬೀದಿಯ ತಿರುವು ಬರುವತನಕ, ತುಟಿಗಳನ್ನು ಒಟ್ಟು ಮಾಡಿ ಮತ್ತೆ ಮತ್ತೆ ಆ ಪದವನ್ನು ಹೇಳಿ ನೋಡುತ್ತಲೇ ಇದ್ದಳು.